ಮಾರಿಯೋ ಕಾಲವೇ ಚೆನ್ನಾಗಿತ್ತೇ?



“ನಮ್ಮ ಕಾಲದ ವೀಡಿಯೊ ಗೇಮ್ ಅಂದರೆ ಗೇಮ್. ಈಗಿನದ್ದು ಬರೀ ದುಡ್ಡು ಕೀಳುವ ಯಂತ್ರ.” ಈ ಮಾತನ್ನು ನಮ್ಮ ಧರ್ಮಕೇಂದ್ರದ ಅಣ್ಣಂದಿರಿಂದ, ಗಲ್ಫಿನಿಂದ ರಜೆಗೆ ಬಂದ ಮಾವಂದಿರಿಂದ ನಾವು ಬೇಕಾದಷ್ಟು ಸಲ ಕೇಳಿದ್ದೇವೆ. ಕ್ರಿಸ್ಮಸ್ ಗೋದಲಿ ಕಟ್ಟುವ ರಾತ್ರಿಗಳಲ್ಲಂತೂ ಈ ವಾದ ಒಮ್ಮೆಯಾದರೂ ಏಳುತ್ತದೆ. ನಮ್ಮಲ್ಲಿ ಕಿರಿಯರು ಮೊಬೈಲಿನಿಂದ ತಲೆ ಎತ್ತದೆ “ಹೌದಾ?” ಅನ್ನುತ್ತಾರೆ, ಅಲ್ಲಿಗೆ ಮಾತು ಮುಗಿಯುತ್ತದೆ.

ಆದರೆ ಇದು ಕಾಲಹರಣದ ವಾದ ಅಲ್ಲ. ಹಳೆಯ ಆಟಗಳು ನಿಜಕ್ಕೂ ಒಳ್ಳೆಯವಾಗಿದ್ದರೆ, ಮಕ್ಕಳ ಕೈಗೆ ಅವನ್ನೇ ಕೊಟ್ಟು ತಂದೆತಾಯಿಗಳು ನೆಮ್ಮದಿಯಾಗಿ ಇರಬಹುದು. ಹಾಗಲ್ಲವಾದರೆ ಮನೆಮನೆಯಲ್ಲಿ ನಡೆಯುವ ಮೊಬೈಲ್ ಜಗಳದ ಕಾರಣವನ್ನು ಬೇರೆಲ್ಲೋ ಹುಡುಕಬೇಕಾಗುತ್ತದೆ. ಹಾಗಾಗಿ ಈ ಸಲ ಸ್ವಲ್ಪ ಚರಿತ್ರೆಯನ್ನೇ ಕೆದಕಿ ನೋಡೋಣ ಎಂದುಕೊಂಡೆವು.

ಮೊದಲು, ನಮ್ಮೂರ ಕಡೆ “ಹಳೆಯ ಗೇಮ್” ಅಂದರೆ ಏನು? ಹೆಚ್ಚಿನವರ ನೆನಪಿನಲ್ಲಿ ಇರುವುದು ಟಿವಿಗೆ ಸಿಕ್ಕಿಸುವ ಒಂದು ಪ್ಲಾಸ್ಟಿಕ್ ಪೆಟ್ಟಿಗೆ, ಎರಡು ವಯರಿನ ರಿಮೋಟು, ಮೇಲಿನಿಂದ ಒತ್ತಿ ಕೂರಿಸುವ ಕ್ಯಾಸೆಟ್. ಬೇರೆ ದೇಶಗಳಲ್ಲಿ ಕಾರ್ಟ್ರಿಡ್ಜ್ ಎನ್ನುವುದನ್ನು ನಮ್ಮಲ್ಲಿ ಎಲ್ಲರೂ ಕ್ಯಾಸೆಟ್ ಎಂದೇ ಕರೆದರು. ಜಪಾನಿನ ನಿಂಟೆಂಡೊ ಕಂಪನಿ 1983ರಲ್ಲಿ ತಂದ ಫ್ಯಾಮಿಕಾಮ್ ಯಂತ್ರದ ನಕಲುಗಳೇ ಇವು. ಮೀಡಿಯಾ, ಲಿಟಲ್ ಮಾಸ್ಟರ್ ಮುಂತಾದ ಹೆಸರಿನಲ್ಲಿ ಪೇಟೆಯಲ್ಲಿ ಸಿಗುತ್ತಿದ್ದವು, ಕೆಲವು ಗಲ್ಫ್ ಪೆಟ್ಟಿಗೆಯೊಳಗೆ ಸೋಪು, ಟ್ಯಾಂಗ್ ಪುಡಿಯ ಜೊತೆ ಬರುತ್ತಿದ್ದವು. ಕ್ಯಾಸೆಟಿನ ಮೇಲೆ “9999 ಇನ್ 1” ಎಂದು ದೊಡ್ಡದಾಗಿ ಬರೆದಿರುತ್ತಿತ್ತು. ಎಣಿಸಿದರೆ ಇದ್ದದ್ದು ಕೆಲವೇ ಆಟಗಳು. ಅವನ್ನೇ ಬೇರೆ ಬೇರೆ ಹೆಸರಿನಲ್ಲಿ, ಬೇರೆ ಬೇರೆ ಹಂತದಿಂದ ಶುರು ಮಾಡಿಸಿ ಪಟ್ಟಿ ಬೆಳೆಸಿದ್ದರು. ಅಂದರೆ “ಮೋಸ ಇಲ್ಲದ ಕಾಲ” ಎನ್ನುವ ಆ ಕಾಲದ ಕ್ಯಾಸೆಟಿನ ಚೀಟಿಯಲ್ಲೇ ಒಂದು ಸುಳ್ಳು ಅಂಟಿಕೊಂಡಿತ್ತು. ಆಟ ಶುರುವಾಗದಿದ್ದರೆ ಕ್ಯಾಸೆಟ್ ತೆಗೆದು ಬಾಯಿಂದ ಊದುವ ಪದ್ಧತಿಯೂ ಹಾಗೆಯೇ. ಊದಿದ್ದರಿಂದ ಏನೂ ಆಗುತ್ತಿರಲಿಲ್ಲ, ತೆಗೆದು ಮತ್ತೆ ಹಾಕಿದ್ದರಿಂದ ಸಂಪರ್ಕ ಸರಿಯಾಗುತ್ತಿತ್ತು. ಬಾಯಿಯ ತೇವದಿಂದ ತಾಮ್ರದ ಪಟ್ಟಿಗಳು ಹಾಳಾಗುತ್ತವೆ, ಊದಬೇಡಿ ಎಂದು ನಿಂಟೆಂಡೊ ಕಂಪನಿಯೇ ಹೇಳಿತ್ತು. ಯಾರು ಕೇಳುತ್ತಾರೆ!

ಇಷ್ಟು ಹೇಳಿದ ಮೇಲೆ, ಅಣ್ಣಂದಿರ ಪರವಾಗಿಯೂ ನ್ಯಾಯವಾಗಿ ಮಾತಾಡಬೇಕು. ಆ ಆಟಗಳಲ್ಲಿ ಉತ್ತಮವಾದವುಗಳನ್ನು ಬಿಚ್ಚಿ ನೋಡಿದರೆ ವಿಜ್ಞಾನ ಓದಿದ ಯಾರಿಗಾದರೂ ಗೌರವ ಹುಟ್ಟುತ್ತದೆ. ಅಮೆರಿಕದ ಮನೆಗಳಲ್ಲಿ 1977ರಿಂದ ಮೆರೆದ ಅಟಾರಿ 2600 ಯಂತ್ರದ ಕೆಲಸದ ಮೆಮೊರಿ 128 ಬೈಟ್. ಕಂಪ್ಯೂಟರಿನಲ್ಲಿ ಒಂದೊಂದು ಕನ್ನಡ ಅಕ್ಷರಭಾಗಕ್ಕೂ ಇಂದು 3 ಬೈಟ್ ಬೇಕು, ಆದ್ದರಿಂದ ನೀವು ಓದುತ್ತಿರುವ ಈ ಒಂದು ವಾಕ್ಯವನ್ನೂ ಆ ಯಂತ್ರದಲ್ಲಿ ತುಂಬಿಸಿಡಲು ಆಗುತ್ತಿರಲಿಲ್ಲ. 1985ರ ಸೆಪ್ಟೆಂಬರಿನಲ್ಲಿ ಬಂದ ‘ಸೂಪರ್ ಮಾರಿಯೋ ಬ್ರದರ್ಸ್’ ಇಡೀ ಆಟದ ಗಾತ್ರ 40 ಕಿಲೊಬೈಟ್. ಬೆಳಿಗ್ಗೆ ವಾಟ್ಸಾಪ್ ಗುಂಪಿಗೆ ಬೀಳುವ ಗುಲಾಬಿ ಹೂವಿನ ಶುಭೋದಯದ ಚಿತ್ರ ಸಾಮಾನ್ಯವಾಗಿ ಇದಕ್ಕಿಂತ ಭಾರ. ಜಾಗ ಉಳಿಸಲು ಶಿಗೆರು ಮಿಯಾಮೊಟೊ ಮತ್ತವರ ಸಂಗಡಿಗರು ಒಂದೇ ಚಿತ್ರವನ್ನು ಎರಡು ಕಡೆ ಬಳಸಿದರು: ಆಕಾಶದ ಮೋಡ ಮತ್ತು ನೆಲದ ಪೊದೆ ಒಂದೇ ಆಕಾರ, ಬಣ್ಣ ಮಾತ್ರ ಬೇರೆ. ಇನ್ನೊಮ್ಮೆ ಆಡುವಾಗ ನೋಡಿ. ಒಮ್ಮೆ ಕಂಡರೆ ಮತ್ತೆ ಕಾಣದಿರಲು ಆಗುವುದಿಲ್ಲ.

1978ರ ‘ಸ್ಪೇಸ್ ಇನ್ವೇಡರ್ಸ್’ ಕತೆ ಇನ್ನೂ ಸ್ವಾರಸ್ಯ. ತೊಮೊಹಿರೊ ನಿಶಿಕಾಡೊ ಎಂಬ ಜಪಾನಿ ಎಂಜಿನಿಯರ್ ಅದರ ಆಟವನ್ನೂ ಯಂತ್ರವನ್ನೂ ತಾನೇ ರೂಪಿಸಿದರು. ಪರದೆಯ ತುಂಬ ಅನ್ಯಲೋಕದ ಜೀವಿಗಳು ಇರುವಾಗ ಅಷ್ಟನ್ನೂ ಬಿಡಿಸಲು ಯಂತ್ರ ಒದ್ದಾಡುತ್ತಿತ್ತು, ಆದ್ದರಿಂದ ಅವು ನಿಧಾನವಾಗಿ ಚಲಿಸುತ್ತಿದ್ದವು. ಒಂದೊಂದನ್ನೇ ಹೊಡೆದು ಉರುಳಿಸಿದಂತೆ ಯಂತ್ರದ ಹೊರೆ ಇಳಿದು ಉಳಿದವು ವೇಗವಾಗುತ್ತಾ ಹೋದವು. ನಿಶಿಕಾಡೊ ಇದನ್ನು ದೋಷವೆಂದು ತಿದ್ದದೆ ಹಾಗೆಯೇ ಬಿಟ್ಟರು. ಆಡುತ್ತಾ ಹೋದಂತೆ ಆಟ ಕಷ್ಟವಾಗಬೇಕು ಎಂಬ, ಇಂದು ಎಲ್ಲ ಆಟಗಳಲ್ಲೂ ಇರುವ ನಿಯಮ ಜನಪ್ರಿಯವಾದದ್ದು ಹೀಗೆ, ಒಂದು ಬಡ ಚಿಪ್ಪಿನ ಏದುಸಿರಿನಿಂದ. 1984ರಲ್ಲಿ ಮಾಸ್ಕೋದಲ್ಲಿ ಅಲೆಕ್ಸಿ ಪಜಿತ್ನೊವ್ ‘ಟೆಟ್ರಿಸ್’ ಬರೆದ ಎಲೆಕ್ಟ್ರಾನಿಕಾ 60 ಎಂಬ ಯಂತ್ರಕ್ಕೆ ಚಿತ್ರ ತೋರಿಸುವ ಶಕ್ತಿಯೇ ಇರಲಿಲ್ಲ. ಅವರು ಆವರಣ ಚಿಹ್ನೆಗಳನ್ನೇ ಜೋಡಿಸಿ ಇಟ್ಟಿಗೆ ಮಾಡಿದರು. ಆ ಆಟ ಇವತ್ತಿಗೂ ಹಳತಾಗಿಲ್ಲ. 2023ರ ಡಿಸೆಂಬರಿನಲ್ಲಿ ಅಮೆರಿಕದ 13 ವರ್ಷದ ಹುಡುಗನೊಬ್ಬ ಅದರ ನಿಂಟೆಂಡೊ ಆವೃತ್ತಿಯನ್ನು 157ನೇ ಹಂತದವರೆಗೆ ಆಡಿ, ಯಂತ್ರವೇ ಸ್ತಬ್ಧವಾಗಿ ನಿಲ್ಲುವಂತೆ ಮಾಡಿದ. ಹುಡುಗನಿಗಿಂತ ಆಟದ ಆ ಆವೃತ್ತಿಯ ವಯಸ್ಸು ಎರಡೂವರೆ ಪಟ್ಟು ಹೆಚ್ಚು.

ಆದರೆ ಇಲ್ಲೊಂದು ಮೋಸ ಅಡಗಿದೆ. ದೂರದ ಬೆಟ್ಟ ನುಣ್ಣಗೆ ಎಂಬಂತೆ, ನಮಗೆ ಕಾಣುವುದು ಉಳಿದುಕೊಂಡ ಆಟಗಳು ಮಾತ್ರ. ರೇಡಿಯೊದಲ್ಲಿ ಹಳೆಯ ಚಿತ್ರಗೀತೆ ಕೇಳಿ “ಆಗಿನ ಹಾಡುಗಳೆಲ್ಲಾ ಎಷ್ಟು ಚೆಂದ” ಅನ್ನುತ್ತೇವಲ್ಲ, ಆಗ ಬಂದ ಕೆಟ್ಟ ಹಾಡುಗಳನ್ನು ರೇಡಿಯೊದವರು ಹಾಕುವುದಿಲ್ಲ, ಅಷ್ಟೇ. ವೀಡಿಯೊ ಗೇಮ್‌ಗಳ ಕೆಟ್ಟ ಹಾಡುಗಳು ಎಲ್ಲಿ ಹೋದವು ಎಂದರೆ, ಅಕ್ಷರಶಃ ಮಣ್ಣಿನಡಿಗೆ ಹೋದವು.

1982ರಲ್ಲಿ ಸ್ಟೀವನ್ ಸ್ಪೀಲ್‌ಬರ್ಗ್ ಅವರ ‘ಇ.ಟಿ.’ ಸಿನಿಮಾ ಜಗತ್ತನ್ನೇ ಗೆದ್ದಿತು. ಅದರ ಆಟ ಕ್ರಿಸ್ಮಸ್ ವ್ಯಾಪಾರಕ್ಕೆ ಬೇಕೇ ಬೇಕು ಎಂದು ಅಟಾರಿ ಕಂಪನಿ ಹಟ ಹಿಡಿಯಿತು. ಒಂದು ಆಟಕ್ಕೆ ಸಾಮಾನ್ಯವಾಗಿ ತಿಂಗಳುಗಟ್ಟಲೆ ಹಿಡಿಯುತ್ತಿದ್ದ ಕಾಲದಲ್ಲಿ ಹೊವಾರ್ಡ್ ಸ್ಕಾಟ್ ವಾರ್ಷಾ ಎಂಬ ಯುವ ಪ್ರೋಗ್ರಾಮರ್‌ಗೆ ಸಿಕ್ಕಿದ್ದು ಸುಮಾರು ಐದು ವಾರ. ಅವರು ಒಬ್ಬರೇ ಕುಳಿತು ಮುಗಿಸಿದರು. ಕಂಪನಿ ಸುಮಾರು 40 ಲಕ್ಷ ಪ್ರತಿ ತಯಾರಿಸಿತು ಎನ್ನುತ್ತಾರೆ. ಆಡಿದ ಮಕ್ಕಳಿಗೆ ಸಿಕ್ಕಿದ್ದು ಮತ್ತೆ ಮತ್ತೆ ಗುಂಡಿಗೆ ಬಿದ್ದು, ಕತ್ತು ಉದ್ದ ಮಾಡಿ ಮೇಲೆ ಬರುವ ಒಂದು ಪ್ರಾಣಿ. ಅದಕ್ಕೂ ಕೆಲವು ತಿಂಗಳ ಹಿಂದೆ ಅದೇ ಕಂಪನಿ ‘ಪ್ಯಾಕ್‌ಮ್ಯಾನ್’ ಆಟವನ್ನು ಮನೆ ಯಂತ್ರಕ್ಕೆ ತಂದಿತ್ತು. ಭೂತಗಳು ಮಿಣಿಮಿಣಿ ಮಿನುಗಿ ಕಣ್ಣಿಗೆ ಕಾಣದಂತಾಗುವ ಅದರ ಅವಸ್ಥೆಗೂ ಜನ ಬೇಸತ್ತಿದ್ದರು. ಅಂಗಡಿಗಳಲ್ಲಿ ಯಾವ್ಯಾವುದೋ ಕಂಪನಿಗಳ ಕಳಪೆ ಆಟಗಳು ರಾಶಿ ಬಿದ್ದವು. ಅಮೆರಿಕದಲ್ಲಿ 1983ರಲ್ಲಿ ಸುಮಾರು 320 ಕೋಟಿ ಡಾಲರಿನಷ್ಟಿದ್ದ ಮನೆ ವೀಡಿಯೊ ಗೇಮ್ ವ್ಯಾಪಾರ 1985ರ ಹೊತ್ತಿಗೆ ಸುಮಾರು 10 ಕೋಟಿಗೆ ಕುಸಿಯಿತು.

1983ರ ಸೆಪ್ಟೆಂಬರಿನಲ್ಲಿ ಅಟಾರಿ ಮಾರಾಟವಾಗದ ಸರಕನ್ನು ಲಾರಿಗಳಲ್ಲಿ ಹೇರಿಕೊಂಡು ನ್ಯೂ ಮೆಕ್ಸಿಕೊ ರಾಜ್ಯದ ಅಲಮೊಗೊರ್ಡೊ ಊರಿನ ಕಸದ ಹೊಂಡಕ್ಕೆ ಸುರಿಯಿತು, ಮೇಲಿಂದ ಕಾಂಕ್ರೀಟ್ ಹಾಕಿಸಿತು. ಮೂವತ್ತು ವರ್ಷ ಇದು ನಿಜವೋ ಕಟ್ಟುಕತೆಯೋ ಎಂದು ಜನ ಜಗಳವಾಡಿದರು. 2014ರ ಏಪ್ರಿಲ್ 26ರಂದು ಅಗೆದಾಗ ಸುಮಾರು 1,300 ಕ್ಯಾಸೆಟ್‌ಗಳು ಸಿಕ್ಕಿದವು, ಅವುಗಳಲ್ಲಿ ‘ಇ.ಟಿ.’ಯೂ ಇತ್ತು. ವಾರ್ಷಾ ಅವರೂ ಅಲ್ಲಿ ನಿಂತು ನೋಡುತ್ತಿದ್ದರು. ಒಂದು ಪ್ರತಿ ಈಗ ವಾಷಿಂಗ್ಟನ್ನಿನ ಸ್ಮಿತ್ಸೋನಿಯನ್ ಸಂಗ್ರಹದಲ್ಲಿದೆ. ಐದು ವಾರದಲ್ಲಿ ಒಬ್ಬನ ಕೈಯಿಂದ ಆಟ ಹಿಂಡಿಸಿದ ಮೇಲಧಿಕಾರಿಗಳ ತಪ್ಪಿಗೆ ಜಗತ್ತು ಆ ಒಬ್ಬನನ್ನೇ ಮೂವತ್ತು ವರ್ಷ ಗೇಲಿ ಮಾಡಿತು ಎನ್ನುವುದು ನಮಗೆ ಈ ಕತೆಯಲ್ಲಿ ಹೆಚ್ಚು ನೋವು ಕೊಡುವ ಸಂಗತಿ. 2020ರ ಡಿಸೆಂಬರಿನಲ್ಲಿ ‘ಸೈಬರ್‌ಪಂಕ್ 2077’ ಅರ್ಧಂಬರ್ಧ ಸ್ಥಿತಿಯಲ್ಲಿ ಬಿಡುಗಡೆಯಾಗಿ, ಸುಮಾರು ಒಂದು ವಾರದಲ್ಲೇ ಸೋನಿ ಅದನ್ನು ತನ್ನ ಅಂಗಡಿಯಿಂದ ತೆಗೆದುಹಾಕಿತಲ್ಲ, ಅದೂ ಕ್ರಿಸ್ಮಸ್ ವ್ಯಾಪಾರದ ಆತುರದ್ದೇ ಕತೆ. ಒಂದು ವ್ಯತ್ಯಾಸ ಇದೆ: ಅದನ್ನು ಆಮೇಲೆ ತಿದ್ದಿ ಒಳ್ಳೆಯ ಆಟವಾಗಿಸಿದರು. ‘ಇ.ಟಿ.’ಗೆ ಆ ಭಾಗ್ಯ ಇರಲಿಲ್ಲ.

ಇನ್ನು ದುಡ್ಡು ಕೀಳುವ ಮಾತಿಗೆ ಬರೋಣ. ಹಳೆಯ ಆಟಗಳು ಹುಟ್ಟಿದ್ದೇ ನಾಣ್ಯದ ಪೆಟ್ಟಿಗೆಯೊಳಗೆ. ಅಂಗಡಿಯಲ್ಲಿ ನಿಲ್ಲಿಸಿದ ಯಂತ್ರದ ಮುಂದೆ ಒಬ್ಬನೇ ಹುಡುಗ ಒಂದೇ ನಾಣ್ಯಕ್ಕೆ ಒಂದು ಗಂಟೆ ಆಡಿದರೆ ಮಾಲಿಕನಿಗೆ ನಷ್ಟ. ಆದ್ದರಿಂದ ಯಂತ್ರದ ಒಳಗೆ ಸಣ್ಣ ಸ್ವಿಚ್ಚುಗಳಿರುತ್ತಿದ್ದವು. ಎಷ್ಟು ಜೀವ ಕೊಡಬೇಕು, ಎಷ್ಟು ಕಷ್ಟ ಮಾಡಬೇಕು ಎನ್ನುವುದನ್ನು ಮಾಲಿಕನೇ ಅದರಲ್ಲಿ ನಿಗದಿ ಮಾಡುತ್ತಿದ್ದ. 1985ರ ‘ಗಾಂಟ್ಲೆಟ್’ ಆಟದಲ್ಲಿ ನೀವು ಸುಮ್ಮನೆ ನಿಂತರೂ ನಿಮ್ಮ ಆರೋಗ್ಯ ಸೆಕೆಂಡು ಸೆಕೆಂಡಿಗೂ ಕರಗುತ್ತಿತ್ತು, ಇನ್ನೊಂದು ನಾಣ್ಯ ಹಾಕಿದರೆ ಏರುತ್ತಿತ್ತು. 1990ರ ‘ಡಬಲ್ ಡ್ರ್ಯಾಗನ್ 3’ರಲ್ಲಂತೂ ಆಟದೊಳಗೇ ಅಂಗಡಿ, ಅಲ್ಲಿ ಆಯುಧ ಬೇಕಾದರೆ ನಿಜವಾದ ನಾಣ್ಯ ಹಾಕಬೇಕು. ಈಗಿನ ಮೊಬೈಲ್ ಆಟಗಳ “ಖರೀದಿಸಿ” ಗುಂಡಿ ಹುಟ್ಟಿದ್ದು ಮೊಬೈಲಿನಲ್ಲಿ ಅಲ್ಲ ಎಂಬುದು ನಮ್ಮ ಅಣ್ಣಂದಿರಿಗೆ ಗೊತ್ತಿರಲಿ.

ಹಳೆಯ ಆಟಗಳು ಅಷ್ಟು ಕಷ್ಟವಾಗಿದ್ದುದಕ್ಕೆ “ಆಗಿನವರು ಗಟ್ಟಿಗರು” ಎಂಬ ಕಾರಣವೊಂದೇ ಅಲ್ಲ ಎಂದಾಯಿತು. ನಾಣ್ಯದ ಯಂತ್ರದ ಲೆಕ್ಕಾಚಾರ ಮನೆಯ ಕ್ಯಾಸೆಟ್ಟಿಗೂ ಬಂತು, ಜೊತೆಗೆ ಸಣ್ಣ ಆಟವನ್ನು ಹೆಚ್ಚು ದಿನ ಎಳೆಯಬೇಕಾದ ಅಗತ್ಯವೂ ಇತ್ತು. ಮಾಡಿದವರಿಗೇ ಅವು ಕಷ್ಟವಾಗಿದ್ದವು! ಕೊನಾಮಿ ಕಂಪನಿಯ ಕಜುಹಿಸ ಹಶಿಮೊಟೊ 1986ರಲ್ಲಿ ‘ಗ್ರೇಡಿಯಸ್’ ಆಟವನ್ನು ಮನೆ ಯಂತ್ರಕ್ಕೆ ತರುವಾಗ ಅದನ್ನು ಪರೀಕ್ಷಿಸಲು ಆಡಿ ಮುಗಿಸಲಾಗದೆ, ತನಗಾಗಿ ಒಂದು ಗುಟ್ಟಿನ ದಾರಿ ಮಾಡಿಕೊಂಡರು: ಮೇಲೆ ಮೇಲೆ, ಕೆಳಗೆ ಕೆಳಗೆ, ಎಡ ಬಲ, ಎಡ ಬಲ, ಬಿ, ಎ. ಅದು ಆಟದಲ್ಲೇ ಉಳಿದುಬಿಟ್ಟಿತು. ‘ಕಾಂಟ್ರಾ’ದಲ್ಲಿ 30 ಜೀವ ಕೊಡುತ್ತಿದ್ದದ್ದು ಇದೇ ಮಂತ್ರ. “ನಾವು ಕಾಂಟ್ರಾ ಮುಗಿಸಿದ್ದೇವೆ” ಎಂದು ಎದೆ ತಟ್ಟುವ ಮಾವಂದಿರನ್ನು ಎಷ್ಟು ಜೀವದಲ್ಲಿ ಎಂದು ವಿನಯದಿಂದ ಕೇಳಿ ನೋಡಿ.

ಹಿರಿಯರ ಇನ್ನೊಂದು ಮಾತು, ಆಗಿನ ಆಟಗಳಲ್ಲಿ ಹಿಂಸೆ ಇರಲಿಲ್ಲ ಎನ್ನುವುದು. ಜನರಂತೆ ಕಾಣುವ ಆಕೃತಿಗಳ ಮೇಲೆ ಕಾರು ಹಾಯಿಸುವ ‘ಡೆತ್ ರೇಸ್’ ಬಂದದ್ದು 1976ರಲ್ಲಿ. ಕ್ರೈಸ್ತರೇ ಬಹುಸಂಖ್ಯಾತರಾದ ಫಿಲಿಪ್ಪೀನ್ಸ್‌ನಲ್ಲಿ 1981ರ ನವೆಂಬರಿನಲ್ಲಿ ಫರ್ಡಿನಾಂಡ್ ಮಾರ್ಕೋಸ್ ವೀಡಿಯೊ ಗೇಮ್ ಯಂತ್ರಗಳನ್ನೇ ನಿಷೇಧಿಸಿ, ಎರಡು ವಾರದೊಳಗೆ ನಾಶಮಾಡಲು ಹೇಳಿದರು. ಮಕ್ಕಳು ಹಾಳಾಗುತ್ತಿದ್ದಾರೆ ಎಂಬ ತಂದೆತಾಯಿಗಳ ದೂರೇ ಅದಕ್ಕೆ ಕಾರಣ. 1993ರಲ್ಲಿ ‘ಮಾರ್ಟಲ್ ಕಾಂಬ್ಯಾಟ್’ ವಿಷಯ ಅಮೆರಿಕದ ಸೆನೆಟ್‌ವರೆಗೆ ಹೋಯಿತು, ಮರುವರ್ಷ ಆಟಗಳ ಡಬ್ಬಿಯ ಮೇಲೆ ವಯಸ್ಸಿನ ಗುರುತು ಹಾಕುವ ಕ್ರಮ ಬಂತು.

ಹಾಗಾದರೆ ಈಗಿನವೇ ಮೇಲೇ? ಆಟಗಳ ಮಟ್ಟಿಗೆ ನಮ್ಮ ಉತ್ತರ: ಬಹುಪಾಲು ಹೌದು. ಎರಿಕ್ ಬರೋನ್ ಎಂಬ ಯುವಕ ಒಬ್ಬನೇ ನಾಲ್ಕೂವರೆ ವರ್ಷ ಕುಳಿತು, ಚಿತ್ರ, ಸಂಗೀತ, ಬರಹ ಎಲ್ಲವನ್ನೂ ತಾನೇ ಮಾಡಿ 2016ರಲ್ಲಿ ತಂದ ‘ಸ್ಟಾರ್‌ಡ್ಯೂ ವ್ಯಾಲಿ’ ಬೇಸಾಯದ ಆಟವನ್ನು ನಮ್ಮಲ್ಲಿ ಅಡಿಕೆ ತೋಟದ ಮನೆಯ ಹುಡುಗಿಯರೂ ಆಡುತ್ತಾರೆ. ಮನೆಯ ತೋಟಕ್ಕೆ ನೀರು ಬಿಡಲು ಹೇಳಿದರೆ ಏಳದವರು ಅಲ್ಲಿ ಬೆಳಿಗ್ಗೆ ಎದ್ದು ನೀರು ಹಾಕುತ್ತಾರೆ, ಇರಲಿ. ಪುಣೆಯ ನಾಡಿಂಗ್ ಹೆಡ್ಸ್ ತಂಡ 2020ರಲ್ಲಿ ‘ರಾಜಿ’ ಎಂಬ ಆಟವನ್ನು ನಮ್ಮ ದೇಶದ ಕೋಟೆ, ಶಿಲ್ಪ, ಕತೆಗಳಿಂದಲೇ ಕಟ್ಟಿತು. ಕೆನಡಾದಲ್ಲಿ ನೆಲೆಸಿದ ತಮಿಳು ಕುಟುಂಬವೊಂದರ ಅಡುಗೆಮನೆಯೇ 2023ರ ‘ವೆಣ್ಬಾ’ ಆಟ. ಅಲ್ಲಿ ಇಡ್ಲಿ ಬೇಯಿಸುವುದೇ ಒಂದು ಹಂತ. ಭಾಷೆಯ ಗಡಿಯಾಚೆ ಬದುಕುವವರ ಮನೆಮಾತು ಮಕ್ಕಳ ಬಾಯಿಂದ ಜಾರುವ ಸಂಕಟವನ್ನು ಅದು ಹೇಳುತ್ತದೆ. ಕೇರಳದಲ್ಲಿ ಕನ್ನಡ ಓದಿದ ನಮಗೆ ಅದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕೈ ಸರಿಯಾಗಿ ಆಡದವರಿಗೆಂದೇ ಮೈಕ್ರೋಸಾಫ್ಟ್ 2018ರಲ್ಲಿ ದೊಡ್ಡ ಗುಂಡಿಗಳ ವಿಶೇಷ ಕಂಟ್ರೋಲರ್ ತಂದಿತು. ಮಾರಿಯೋ ಕಾಲದಲ್ಲಿ ಬೆರಳು ಆಡದ ಮಗು ಹೆಚ್ಚಾಗಿ ಪಕ್ಕದಲ್ಲಿ ಕುಳಿತು ನೋಡಬೇಕಿತ್ತು, ಅಷ್ಟೇ.

ಹದಗೆಟ್ಟಿರುವುದು ಆಟ ಅಲ್ಲ, ಆಟದ ಜೊತೆಗಿನ ಕರಾರು. 2006ರಲ್ಲಿ ‘ಒಬ್ಲಿವಿಯನ್’ ಎಂಬ ಆಟದಲ್ಲಿ ಕುದುರೆಗೆ ತೊಡಿಸುವ ಕವಚವನ್ನು ಎರಡೂವರೆ ಡಾಲರಿಗೆ ಮಾರಿದಾಗ ಜನ ನಕ್ಕರು. 2017ರಲ್ಲಿ ‘ಸ್ಟಾರ್ ವಾರ್ಸ್ ಬ್ಯಾಟಲ್‌ಫ್ರಂಟ್ 2’ ಆಟಕ್ಕೆ ಪೂರ್ತಿ ಬೆಲೆ ಕೊಟ್ಟವರೂ ಡಾರ್ತ್ ವೇಡರ್ ಆಗಲು ಹತ್ತಾರು ಗಂಟೆ ಆಡಬೇಕು, ಇಲ್ಲವೇ ಅದೃಷ್ಟದ ಪೆಟ್ಟಿಗೆಗಳಿಗೆ ದುಡ್ಡು ಹಾಕಬೇಕು ಎಂದಾಗ ನಗು ಸಿಟ್ಟಾಯಿತು. ಬಿಡುಗಡೆಯ ಹಿಂದಿನ ದಿನ ಕಂಪನಿ ಆ ಮಾರಾಟ ನಿಲ್ಲಿಸಿತು. ಮರುವರ್ಷ ಬೆಲ್ಜಿಯಂ ದೇಶ ಇಂಥ ದುಡ್ಡಿನ ಪೆಟ್ಟಿಗೆಗಳನ್ನು ಜೂಜು ಎಂದೇ ಘೋಷಿಸಿತು. ‘ಗಾಂಟ್ಲೆಟ್’ ಯಂತ್ರಕ್ಕೂ ಇದಕ್ಕೂ ಏನು ವ್ಯತ್ಯಾಸ? ಆ ಯಂತ್ರ ಪೇಟೆಯ ಅಂಗಡಿಯಲ್ಲಿ ನಿಂತಿತ್ತು. ಜೇಬಿನ ಚಿಲ್ಲರೆ ಮುಗಿದರೆ ಹುಡುಗ ಮನೆಗೆ ಬರಲೇಬೇಕಿತ್ತು, ಯಂತ್ರ ಅವನ ಹಿಂದೆ ಬರುತ್ತಿರಲಿಲ್ಲ. ಇಂದಿನ ಆಟಕ್ಕೆ ನೀವು ನಿನ್ನೆ ಎಷ್ಟು ಹೊತ್ತಿಗೆ ಬಿಟ್ಟಿರಿ, ಯಾವ ಹಂತದಲ್ಲಿ ಸೋತಿರಿ ಎಂಬುದೆಲ್ಲ ಗೊತ್ತು. ಮೂರು ದಿನ ಬಾರದಿದ್ದರೆ ಅದೇ ಸಂದೇಶ ಕಳಿಸಿ ಕರೆಯುತ್ತದೆ. ದುಡ್ಡು ಇರುವುದು ಅಮ್ಮನ ಫೋನಿನ ಯುಪಿಐಯಲ್ಲಿ. ಹೀಗೆ ತಿಂಗಳ ರೇಷನ್ನಿನ ದುಡ್ಡು ಬಂದೂಕಿನ ಬಣ್ಣಕ್ಕೆ ಹೋದ ಮನೆ ನಮ್ಮ ವಾಳೆಯಲ್ಲೇ ಇದೆ. ಹುಡುಗನಿಗೆ ಏಟು ಬಿತ್ತು, ಆಟ ಮಾಡಿದವರಿಗೆ ಯಾರೂ ಏನೂ ಹೇಳಲಿಲ್ಲ. ಬೆಂಗಳೂರಿನ ನಿಮ್ಹಾನ್ಸ್ 2014ರಲ್ಲೇ ಇಂಥ ಅಭ್ಯಾಸಗಳಿಗೆಂದು ‘ಶಟ್’ ಎಂಬ ಕ್ಲಿನಿಕ್ ತೆರೆಯಿತು. ಗೇಮಿಂಗ್ ವ್ಯಸನವನ್ನು ವಿಶ್ವ ಆರೋಗ್ಯ ಸಂಸ್ಥೆ ತನ್ನ ಕಾಯಿಲೆಗಳ ಪಟ್ಟಿಗೆ ಸೇರಿಸಿದೆ. ಅಗತ್ಯ ಬಿದ್ದರೆ ಅಲ್ಲಿಗೆ ಹೋಗಲು ನಾಚಿಕೆ ಬೇಡ, ಅದು ಜ್ವರಕ್ಕೆ ಡಾಕ್ಟರ ಬಳಿ ಹೋದಂತೆಯೇ.

ಇಲ್ಲಿ ಸಂತ ಕಾರ್ಲೊ ಅಕುಟಿಸ್ ನೆನಪಾಗುತ್ತಾರೆ. 2025ರ ಸೆಪ್ಟೆಂಬರ್ 7ರಂದು, ನಾವೆಲ್ಲ ಮೊಂತಿ ಹಬ್ಬದ ಹೂವು ಕೊಯ್ಯುವ ಗಡಿಬಿಡಿಯಲ್ಲಿದ್ದ ದಿನ, ಪೋಪ್ ಲಿಯೋ 14 ಅವರನ್ನು ಸಂತ ಎಂದು ಘೋಷಿಸಿದರು. 1991ರಲ್ಲಿ ಹುಟ್ಟಿ 2006ರಲ್ಲಿ, 15ನೇ ವಯಸ್ಸಿಗೆ ರಕ್ತದ ಕ್ಯಾನ್ಸರಿನಿಂದ ತೀರಿಕೊಂಡ ಈ ಇಟಲಿಯ ಹುಡುಗ ಪರಮಪ್ರಸಾದದ ಅದ್ಭುತಗಳ ವೆಬ್‌ಸೈಟ್ ಮಾಡಿದ್ದು ಎಲ್ಲರಿಗೂ ಗೊತ್ತು. ಅವರ ಬಳಿ ಪ್ಲೇಸ್ಟೇಷನ್ ಇತ್ತು, ಅವರಿಗೆ ಆಟ ಇಷ್ಟವೂ ಇತ್ತು, ಆದರೆ ವಾರಕ್ಕೆ ಒಂದೇ ಗಂಟೆ ಎಂದು ತಾನೇ ಮಿತಿ ಹಾಕಿಕೊಂಡಿದ್ದರು. ಇದನ್ನು ಕ್ರೈಸ್ತಶಿಕ್ಷಣದ ತರಗತಿಯಲ್ಲಿ ಮಕ್ಕಳನ್ನು ಗದರಿಸಲು ಬಳಸುವುದನ್ನು ಕೇಳಿದ್ದೇವೆ. ನಮಗೆ ಬೇರೊಂದು ಅಂಶ ಕಾಣುತ್ತದೆ. ಕಾರ್ಲೊ ಆಡಿದ್ದು ಇಂದು ನಾವು “ಆ ಒಳ್ಳೆಯ ಹಳೆಯ ಆಟಗಳು” ಎಂದು ಹೊಗಳುವ ಕಾಲದ ಆಟಗಳನ್ನೇ. ದಿನದಿನದ ಬಹುಮಾನ, ಅಮ್ಮನ ಯುಪಿಐ ಏನೂ ಇಲ್ಲದ ಆ ಆಟಗಳೂ ಗಂಟೆಗಟ್ಟಲೆ ಎಳೆಯುತ್ತವೆ ಎಂದು ಆ ಹುಡುಗನಿಗೆ ಅನ್ನಿಸಿತ್ತು. ಮಿತಿಯನ್ನು ತಂದೆತಾಯಿ ಹಾಕಲಿಲ್ಲ, ಫೋನ್ ಕಸಿದುಕೊಳ್ಳಲಿಲ್ಲ. ಅವರಿಗೆ ಹೊರಗೆ ಮಾಡಲು ಬೇರೆ ಇಷ್ಟದ ಕೆಲಸಗಳಿದ್ದವು. ನಮ್ಮ ಸಣ್ಣವರಿಗೆ ಭಾನುವಾರ ಪೂಜೆಯ ನಂತರ ಅಂಥದ್ದು ಏನಿದೆ? ಚರ್ಚಿನ ಮೈದಾನದ ವಾಲಿಬಾಲ್ ನೆಟ್ ಹರಿದು ವರ್ಷವಾಯಿತು, ಇನ್ನೂ ಹೊಸದು ಕಟ್ಟಿಲ್ಲ.

ಹಳೆಯ ಆಟಗಳು ಖಂಡಿತ ಗೆಲ್ಲುವ ಒಂದು ವಿಷಯ ಉಳಿದಿದೆ. ಕೊಂಡ ಕ್ಯಾಸೆಟ್ ನಿಮ್ಮದಾಗಿರುತ್ತಿತ್ತು. 2014ರಲ್ಲಿ ಬಂದ ‘ದಿ ಕ್ರೂ’ ಎಂಬ ಕಾರು ಓಟದ ಆಟ ಒಬ್ಬರೇ ಆಡಿದರೂ ಇಂಟರ್ನೆಟ್ ಬೇಡುತ್ತಿತ್ತು. 2024ರ ಮಾರ್ಚ್ 31ರಂದು ಯೂಬಿಸಾಫ್ಟ್ ಕಂಪನಿ ಸರ್ವರ್ ಮುಚ್ಚಿದಾಗ ದುಡ್ಡು ಕೊಟ್ಟು ಕೊಂಡವರ ಡಿಸ್ಕ್ ಕೂಡ ಕೆಲಸಕ್ಕೆ ಬಾರದಾಯಿತು. ಇದರ ವಿರುದ್ಧ ಯುರೋಪಿನಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಜನ ಸಹಿ ಹಾಕಿದ್ದಾರೆ. ನಮ್ಮಲ್ಲೂ ನೋಡಿ: 2020ರ ಸೆಪ್ಟೆಂಬರ್ 2ರಂದು ಸರಕಾರ ಪಬ್‌ಜಿ ಮೊಬೈಲ್ ನಿಷೇಧಿಸಿತು, ಅಕ್ಟೋಬರ್ ಕೊನೆಗೆ ಸರ್ವರ್ ನಿಂತಿತು. ಲಾಕ್‌ಡೌನಿನ ಆ ತಿಂಗಳುಗಳಲ್ಲಿ ದುಬೈಯಲ್ಲಿ ಸಿಕ್ಕಿಕೊಂಡ ಅಣ್ಣಂದಿರೂ ಊರಿನ ತಮ್ಮಂದಿರೂ ರಾತ್ರಿ ಒಟ್ಟಿಗೆ ಇಳಿದು ಓಡಾಡುತ್ತಿದ್ದದ್ದು ಅದೇ ಆಟದೊಳಗೆ. ಆಮೇಲೆ ಬಿಜಿಎಂಐ ಎಂಬ ಹೆಸರಿನಲ್ಲಿ ಅದು ಬಂತು, 2022ರಲ್ಲಿ ಮತ್ತೆ ಹೋಯಿತು, 2023ರಲ್ಲಿ ಮತ್ತೆ ಬಂತು. ನಾಳೆ ಹೋದರೆ ಅಟ್ಟದ ಮೇಲೆ ಎತ್ತಿಡಲು ಏನೂ ಇರುವುದಿಲ್ಲ. ಮಾವನ ಕಾಂಟ್ರಾ ಕ್ಯಾಸೆಟ್ ಮಾತ್ರ ಅಟ್ಟದಲ್ಲಿದೆ. ಧೂಳು ಒರೆಸಿ, ಊದದೆ, ಟಿವಿಗೆ ಹಳದಿ, ಕೆಂಪು ವಯರು ಸಿಕ್ಕಿಸಿದರೆ ಇಂದು ರಾತ್ರಿಯೇ ಶುರುವಾಗುತ್ತದೆ, ಅದಕ್ಕೆ ಎರಡು ರಿಮೋಟ್ ಇವೆ.